ದ್ವಾದಶಿಯ ರಕ್ತ

ಮಂಚದ ಪಕ್ಕದ ಮೇಜಿನ ಡ್ರಾಯರನ್ನು ಪೂರ್ತಿ ಎಳೆದು ಸಂಹಿತಾ ಹಾಸಿಗೆಯ ಮೇಲೆ ಬೋರಲು ಹಾಕಿದಳು. ಹಳೆಯ ಕನ್ನಡಕ, ರೈಲಿನ ಟೈಮ್‌ಟೇಬಲ್ಲು, ಗೋಪೀಚಂದನದ ಮುರುಕು, ನೀಲಗಿರಿ ಎಣ್ಣೆಯ ಸೀಸೆ, ವಾರದ ಏಳು ದಿನಕ್ಕೆ ಏಳು ಗೂಡಿರುವ ಪ್ಲಾಸ್ಟಿಕ್ ಮಾತ್ರೆ ಡಬ್ಬಿ ಎಲ್ಲ ಬಿದ್ದವು. ಹುಡುಕುತ್ತಿದ್ದದ್ದು ಮಾತ್ರ ಇರಲಿಲ್ಲ.

“ಸಿಕ್ತೇನಮ್ಮಾ?” ಬಾಗಿಲಲ್ಲಿ ನಿಂತು ಶಂಕರನಾರಾಯಣ ಮಾಮ ಕೇಳಿದರು. ಅಪ್ಪನ ಜೊತೆ ದಿನಾ ಬೆಳಿಗ್ಗೆ ಮರೀನಾದಲ್ಲಿ ನಡೆಯುವ ಗುಂಪಿನವರು. ಸುದ್ದಿ ತಿಳಿದದ್ದು ಬೀಚಿನಲ್ಲೇ. ಕ್ಯಾನ್ವಾಸ್ ಶೂ ಹಾಕಿಕೊಂಡೇ ಓಡಿಬಂದು ಮೆಟ್ಟಿಲ ಹತ್ತಿರ ಬಿಚ್ಚಿಟ್ಟಿದ್ದರು.

“ಇಲ್ಲ ಮಾಮಾ.”

“ನಾಲಿಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ ಕಣಮ್ಮ, ಸಣ್ಣದು. ಇವತ್ತು ಅದು ಕೈಗೆಟುಕೋ ಹಾಗಿರಬೇಕು. ರಾಯರದ್ದು ಮೊದಲೇ ಹಾರ್ಟ್ ಕೇಸು. ಇಂಥ ದಿನ ಏನು ಬೇಕಾದ್ರೂ ಆಗಬಹುದು.”

“ಆಗಿದೆಯಲ್ಲ ಮಾಮಾ. ಹೊರಗೆ ಮಲಗಿಸಿದೀವಿ, ನೋಡ್ಲಿಲ್ವಾ?”

ಅವರು ಕೇಳಿಸಿಕೊಳ್ಳದವರಂತೆ ಮುಖ ತಿರುಗಿಸಿ, “ಇನ್ನೊಂದು ಸಲ ಹುಡುಕಮ್ಮ” ಎಂದು ಹೋದರು.

ಹೊರಗೆ ನಡುಮನೆಯಲ್ಲಿ ಅವಳ ಅಮ್ಮ ಜಯಲಕ್ಷ್ಮೀ ದಕ್ಷಿಣಕ್ಕೆ ತಲೆಮಾಡಿ ಮಲಗಿದ್ದಳು. ಬೆಳಗಿನ ಐದೂವರೆಗೆ ಡಿಕಾಕ್ಷನ್‌ಗೆ ಬಿಸಿನೀರು ಹೊಯ್ಯುತ್ತಿದ್ದವಳು ಅಡುಗೆಮನೆಯಲ್ಲೇ ಕುಸಿದಿದ್ದಳು. ಐವತ್ತೊಂದು ವರ್ಷ. ತಿರುವಲ್ಲಿಕೇಣಿಯ ಈ ಮಹಡಿ ಮನೆಗೆ ಅವಳು ಮದುವೆಯಾಗಿ ಬಂದು ಇಪ್ಪತ್ತೇಳು ವರ್ಷವಾಗಿತ್ತು. ಗೋಡೆಗೊರಗಿ ಕೂತಿದ್ದ ಹತ್ತು ಹನ್ನೆರಡು ಜನರ ಕಣ್ಣು ಮಾತ್ರ ಅವಳ ಮೇಲಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಅವಳ ಗಂಡ ಮಧ್ವರಾಜನ ಮೇಲಿತ್ತು. ಯಾರೋ ಅವನಿಗೆ ಬೀಸಣಿಗೆ ಬೀಸುತ್ತಿದ್ದರು. ಕೆಳಗಿನ ಮನೆಯ ತಮಿಳು ಮಾಮಿ ಫ್ಲಾಸ್ಕಿನಲ್ಲಿ ಕಾಫಿ ತಂದು, “ಒರು ವಾಯ್ ಕುಡಿಂಗೊ, ಸಕ್ಕರೈ ಪೋಡಲೆ” ಎಂದು ಒತ್ತಾಯಿಸುತ್ತಿದ್ದಳು. ಸಕ್ಕರೆ ಹಾಕಿಲ್ಲ ಎನ್ನುವುದನ್ನು ಸಾವಿನ ಮನೆಯಲ್ಲೂ ಹೇಳಬೇಕಾಗಿತ್ತು. ಈ ಬೀದಿಯಲ್ಲಿ ಮಧ್ವರಾಜನ ರಕ್ತದ ವಿಷಯ ಎಲ್ಲರಿಗೂ ಗೊತ್ತು.

ತಮ್ಮ ಅನಿಕೇತ್ ಮೆಟ್ಟಿಲು ಹತ್ತಿ ಬಂದ. ಅವನ ಕೈಯಲ್ಲಿ ಬೀದಿಯ ಕೊನೆಯ ಡಾಕ್ಟರು ಬರೆದುಕೊಟ್ಟ ಮರಣದ ಚೀಟಿಯಿತ್ತು. ಕೃಷ್ಣಾಂಪೇಟೆ ಸ್ಮಶಾನದಲ್ಲಿ ಇದನ್ನು ತೋರಿಸಿದರೆ ಮಾತ್ರ ಒಳಗೆ ಬಿಡುತ್ತಾರೆ.

“ಏನಂತ ಬರೆದಿದಾರೆ?” ಸಂಹಿತಾ ಕೇಳಿದಳು.

“ನ್ಯಾಚುರಲ್. ಸಹಜ ಮರಣ ಅಂತ.”

“ಒಳ್ಳೇದಾಯ್ತು,” ಎಂದರು ಅಂಬುಜತ್ತೆ, ಅಪ್ಪನ ಅಕ್ಕ. ಅವರು ಚಿಕ್ಕವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. “ಅಲ್ಲಿ ಯಾರೂ ತಕರಾರು ತೆಗೆಯೋದಿಲ್ಲ. ಮುತ್ತೈದೆ ಸಾವು. ಪುಣ್ಯವಂತೆ. ನನಗೆ ಸಿಗದೇ ಇದ್ದದ್ದು ಅವಳಿಗೆ ಸಿಕ್ತು.”

“ಐವತ್ತೊಂದಕ್ಕೆ ಸಹಜವಾಗಿ ಸಾಯ್ತಾರಾ ಅತ್ತೆ? ನಿಮಗೆ ಎಪ್ಪತ್ತಾಯ್ತು.”

ಬೀಸಣಿಗೆ ನಿಂತಿತು.

“ಅಕ್ಕಾ, ವೇಂಡಾಂ, ಬೇಡ. ಪ್ಲೀಸ್,” ಎಂದ ಅನಿಕೇತ್.

“ಅವಳಿಗೆ ಏನಾಯ್ತು ಅಂತ ಬರೀಬೇಕು. ಸುಮ್ಮನೆ ಸತ್ತಳು ಅಂತ ಬರೆದ ಕಾಗದ ಇಟ್ಕೊಂಡು ಅವಳನ್ನ ಈ ಮನೆಯಿಂದ ಕಳಿಸೋದಿಲ್ಲ ನಾನು.”

“ಏನು ಬರೆದರೇನೇ? ಹೋದವಳು ಬರ್ತಾಳಾ?” ಅಂಬುಜತ್ತೆ ಸೆರಗು ಎಳೆದುಕೊಂಡರು. “ಸಂಜೆ ಕಾಲೇಜಲ್ಲಿ ಎರಡು ವರ್ಷ ಓದಿದ್ದೇ ಓದಿದ್ದು, ಡಾಕ್ಟರಿಗೇ ಪಾಠ ಹೇಳ್ತಾಳೆ.”

ಸಂಹಿತಾಳ ಕಿವಿ ಬಿಸಿಯಾಯಿತು. ಆ ಮಾತು ಸುಳ್ಳಲ್ಲ. ಹಗಲು ಲ್ಯಾಬಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಮಾಡುತ್ತ, ಸಂಜೆ ಕ್ಲಾಸಿಗೆ ಹೋಗಿ ಡಿಪ್ಲೊಮಾ ಮುಗಿಸಿದವಳು. ಈಗ ಕೋಡಂಬಾಕ್ಕಂನ ಆ ಲ್ಯಾಬಿನಲ್ಲೇ ರಕ್ತ ಪರೀಕ್ಷೆ ಮಾಡುತ್ತಾಳೆ. ಯಾವ ಡಾಕ್ಟರ ಮುಂದೆ ನಿಂತರೂ ಮೊದಲು ಅವಳಿಗೆ ತನ್ನದೇ ತಪ್ಪಿರಬಹುದು ಅನ್ನಿಸುತ್ತದೆ.

*

ಮಧ್ವರಾಜನಿಗೆ ಹೃದಯಾಘಾತವಾದದ್ದು ಆರು ವರ್ಷದ ಹಿಂದೆ, ಅಂಬತ್ತೂರಿನ ಕಾರ್ಖಾನೆಯಲ್ಲಿ, ಇನ್‌ಸ್ಪೆಕ್ಷನ್ ವಿಭಾಗದ ಮೇಜಿನ ಮುಂದೆ. ಕಾರ್ಖಾನೆಯವರೇ ಆಸ್ಪತ್ರೆಗೆ ಸೇರಿಸಿದರು. ರಕ್ತನಾಳಕ್ಕೆ ಸ್ಟೆಂಟು ಹಾಕಿ ಕಳಿಸುವಾಗ ಡಾಕ್ಟರು ಜಯಲಕ್ಷ್ಮಿಯನ್ನು ಕೂರಿಸಿಕೊಂಡು ತಿಳಿಹೇಳಿದ್ದರು. ಕೊಬ್ಬಿನಲ್ಲಿ ಎರಡು ಥರ. ಒಂದು ನಾಳದ ಗೋಡೆಗೆ ಮೆತ್ತಿಕೊಳ್ಳುವ ಕಸ, ಇನ್ನೊಂದು ಅದನ್ನು ಗುಡಿಸುವ ಪೊರಕೆ. ಪೊರಕೆಯ ಹೆಸರು ಎಚ್‌ಡಿಎಲ್. ಗಂಡಸರಿಗೆ ನಲವತ್ತು ದಾಟಿರಬೇಕು, ಹೆಂಗಸರಿಗೆ ಐವತ್ತು. ನಿಮ್ಮ ಯಜಮಾನರಿಗೆ ಇರುವುದು ಮೂವತ್ತೆರಡು.

ಅಂದಿನಿಂದ ಆ ನಂಬರು ಮನೆಯ ಮಗುವಿನ ಹಾಗೆ ಬೆಳೆಯಿತು. ದಿನಕ್ಕೆ ಮೂರು ಚಮಚ ಎಣ್ಣೆ, ಅಳೆದು. ಬೆಳಿಗ್ಗೆ ನೆನೆಸಿದ ಮೆಂತ್ಯ. ತೆಂಗಿನಕಾಯಿ ಹಾಕದ ಹುಳಿ. ಬೀಚಿಗೆ ಹೊರಡುವಾಗ ಕೈಗೆ ನಾಲ್ಕು ಬಾದಾಮಿ. ವರ್ಷಕ್ಕೊಮ್ಮೆ ಕಾರ್ಖಾನೆಯ ತಪಾಸಣೆ ವರದಿ ಬಂದಾಗ ಮೂವತ್ತಾರು, ಮೂವತ್ತೊಂಬತ್ತು, ನಲವತ್ಮೂರು ಎಂದು ಜಯಲಕ್ಷ್ಮೀ ಕೆಳಗಿನ ಮಾಮಿಗೆ ಹೇಳಿ ಬರುತ್ತಿದ್ದಳು. “ಉಳಿದದ್ದೆಲ್ಲ ಇಳೀಬೇಕು ಮಾಮಿ, ಇದೊಂದು ಏರಬೇಕು.” ಭಾನುವಾರ ರಾತ್ರಿ ಊಟದ ಮೇಲೆ ಏಳು ಗೂಡಿಗೂ ಮಾತ್ರೆ ತುಂಬುತ್ತಿದ್ದಳು. ನಾಲಿಗೆಯ ಕೆಳಗಿನ ಮಾತ್ರೆಯ ಪಟ್ಟಿ ಮಂಚದ ಡ್ರಾಯರಿನಲ್ಲಿ ಇರುತ್ತಿತ್ತು. ಪ್ರತಿ ದೀಪಾವಳಿಗೆ ಹಳೆಯದನ್ನು ಎಸೆದು ಹೊಸದು ತರುತ್ತಿದ್ದಳು. ಆರು ವರ್ಷದಲ್ಲಿ ಅದರಿಂದ ಒಂದನ್ನೂ ಒಡೆಯುವ ಪ್ರಸಂಗ ಬರಲಿಲ್ಲ ಎಂದು ಮಧ್ವರಾಜ ಬೀಚಿನ ಗೆಳೆಯರಲ್ಲಿ ಹೇಳಿಕೊಳ್ಳುತ್ತಿದ್ದ.

ದೇವರ ನೈವೇದ್ಯಕ್ಕೆ ಮಾತ್ರ ಎಣ್ಣೆ ತುಪ್ಪದ ಅಳತೆ ಇರಲಿಲ್ಲ. ತುಪ್ಪದಲ್ಲಿ ಮುಳುಗಿದ ಹುಗ್ಗಿ, ಹಬ್ಬದ ಕರಿದದ್ದು. ಮಧ್ವರಾಜ ತಿನ್ನುವ ಹಾಗಿಲ್ಲ, ಅಂಬುಜತ್ತೆಗೆ ರಾತ್ರಿ ಫಲಾಹಾರ, ಮಕ್ಕಳು ಕೆಲಸಕ್ಕೆ ಹೋಗುವವರು. ನೈವೇದ್ಯವನ್ನು ಎಸೆಯುವಂತಿಲ್ಲ. ಮಧ್ಯಾಹ್ನ ಎರಡೂವರೆಗೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ಕೂತು ಜಯಲಕ್ಷ್ಮಿಯೇ ಅದನ್ನು ತಿಂದು ಪಾತ್ರೆ ಖಾಲಿ ಮಾಡುತ್ತಿದ್ದಳು.

“ಅಮ್ಮಾ, ಇಷ್ಟು ತುಪ್ಪ ತಿನ್ನಬೇಡ,” ಎಂದು ಸಂಹಿತಾ ಹೇಳಿದ್ದಳು.

“ನನಗೇನಾಗತ್ತೆ? ಹಾರ್ಟು ಅವರದ್ದು.”

*

ಹೆಂಗಸರು ಸೀರೆ ಅಡ್ಡ ಹಿಡಿದರು. ಸ್ನಾನ ಮಾಡಿಸುವಾಗ ಸಂಹಿತಾ ಅಮ್ಮನ ಹೊಟ್ಟೆಯ ಮೇಲಿನ ಗೀರನ್ನು ನೋಡಿದಳು. ಹೊಕ್ಕುಳ ಕೆಳಗೆ ಅಡ್ಡಲಾಗಿ, ಗೇಣುದ್ದ, ಬಿಳಿಚಿಕೊಂಡದ್ದು. ಅವಳು ಅದಕ್ಕೆ ಅರಿಶಿನ ಹಚ್ಚಿದಳು.

“ನಲವತ್ತು ತುಂಬೋ ಮೊದಲೇ ಮಾಡಿಸಿದ್ವಿ,” ಎಂದು ಅಂಬುಜತ್ತೆ ಪರದೆಯಾಚೆಯಿಂದ ಪಕ್ಕದವರಿಗೆ ಹೇಳುತ್ತಿದ್ದರು. ವಿಧವೆಯಾದ್ದರಿಂದ ಅವರು ಹತ್ತಿರ ಬರುವ ಹಾಗಿರಲಿಲ್ಲ. “ತಿಂಗಳಿಗೆ ಹತ್ತು ದಿನ ಹೊರಗೆ ಕೂರೋಳು. ಮಡಿ ಅಡುಗೆ ಯಾರು ಮಾಡಬೇಕು? ಮಾತ್ರೆಲ್ಲೇ ನೋಡೋಣ ಅಂತ ಲೇಡಿ ಡಾಕ್ಟರು ಅಂದಳು. ನಾನೇ ಹೇಳಿದೆ, ಮಕ್ಕಳಾಯ್ತಲ್ಲ, ಎಲ್ಲಾ ತೆಗೆದುಬಿಡಿ ಅಂತ. ಆಮೇಲೆ ನೋಡಿ, ಮೂವತ್ತು ದಿನವೂ ಮಡಿ. ಹನ್ನೆರಡು ವರ್ಷ ಒಂದು ದಿನವೂ ನನಗೆ ತೊಂದರೆ ಕೊಟ್ಟವಳಲ್ಲ.”

ಅರಿಶಿನದ ಬಟ್ಟಲು ಸಂಹಿತಾಳ ಕೈಯಲ್ಲೇ ಉಳಿಯಿತು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರು. ಹೆಂಗಸರ ರಕ್ತದಲ್ಲಿ ಪೊರಕೆ ಹೆಚ್ಚಿರುವುದು ಅವುಗಳ ದಯೆಯಿಂದ ಎಂದು ಅವಳು ಸಂಜೆ ಕ್ಲಾಸಿನಲ್ಲಿ ಓದಿದ್ದಳು. ಅವು ಬೇಗ ಹೋದವರಿಗೆ ಹೃದಯದ ತೊಂದರೆ ಬೇಗ ಬರಬಹುದು ಎಂದೂ ಓದಿದ್ದಳು. ಅಮ್ಮನ ಮೂವತ್ತು ದಿನದ ಮಡಿಗೆ ಬೆಲೆಯಾಗಿ ಕೊಟ್ಟದ್ದು ಅವನ್ನೇ.

ಹೊರಗೆ ಬಂದು ಹೇಳಲೇ ಎಂದುಕೊಂಡಳು. ಹೇಳಿದರೆ ಯಾರಿಗೆ ಅರ್ಥವಾಗುತ್ತದೆ? ಅರ್ಥವಾದರೆ ತಾನೇ ಏನು? ಅವಳು ಹಸಿರು ಸೀರೆಯ ನೆರಿಗೆ ಹಿಡಿದಳು. ನೆರಿಗೆ ಎರಡು ಸಲ ಬಿಚ್ಚಿಹೋಯಿತು.

*

ಹೋದ ವರ್ಷ ಆಷಾಢದ ಏಕಾದಶಿಯ ಮರುದಿನ, ಬೆಳಗಿನ ಜಾವ, ಸಂಹಿತಾ ಅಮ್ಮನ ರಕ್ತ ತೆಗೆದಿದ್ದಳು. ಮೆಟ್ಟಿಲು ಹತ್ತುವಾಗ ಅಮ್ಮ ನಡುವೆ ಎರಡು ಕಡೆ ನಿಲ್ಲುವುದನ್ನು ಕಂಡು ತಿಂಗಳಿಂದ ಹಿಂದೆ ಬಿದ್ದಿದ್ದಳು. ಪರೀಕ್ಷೆಗೆ ಹನ್ನೆರಡು ಗಂಟೆ ಏನೂ ತಿಂದಿರಬಾರದು.

“ಅದಕ್ಕೆ ಬೇರೆ ಒಂದು ಉಪವಾಸ ಯಾಕೆ?” ಅಮ್ಮ ತೋಳು ಚಾಚಿದ್ದಳು. “ಏಕಾದಶಿ ಹೇಗೂ ಮಾಡಿದೀನಿ. ಪಾರಣೆಗೆ ಮೊದಲು ತಗೋ. ಬೇಗ, ನಿಮ್ಮಪ್ಪ ಎದ್ದುಬಿಟ್ಟಾರು.”

ಕೊಳವೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದಿದ್ದಳು. ಲ್ಯಾಬಿನಲ್ಲಿ ರಕ್ತದ ತಿಳಿದ್ರವಕ್ಕೆ ಮದ್ದು ಬೆರೆಸಿ ಯಂತ್ರಕ್ಕಿಟ್ಟು ತಿರುಗಿಸಿದರೆ ಕೆಟ್ಟ ಕೊಬ್ಬು ಗಷ್ಟಿನಂತೆ ತಳಕ್ಕಿಳಿಯುತ್ತದೆ. ಮೇಲೆ ತಿಳಿಯಾಗಿ ಉಳಿಯುವುದು ಒಳ್ಳೆಯದು. ಅದಕ್ಕೆ ಬಣ್ಣದ ಮದ್ದು ಸೇರಿಸಬೇಕು. ಒಳ್ಳೆಯದು ಹೆಚ್ಚಿದ್ದಷ್ಟೂ ಗುಲಾಬಿ ಬಣ್ಣ ಗಾಢ. ಅಮ್ಮನ ಕೊಳವೆ ತೊಳೆದ ರವಿಕೆಯ ಹಾಗೆ ಪೇಲವವಾಗಿತ್ತು. ಇಪ್ಪತ್ತೇಳು.

ತಪ್ಪು ತನ್ನದೇ ಎಂದು ಇನ್ನೊಮ್ಮೆ ಮಾಡಿದಳು. ಇಪ್ಪತ್ತೆಂಟು. ಹೊಸ ಮದ್ದಿನ ಸೀಸೆ ಒಡೆದು ಮೂರನೆಯ ಸಲ ಮಾಡಿದಳು. ಇಪ್ಪತ್ತೇಳು. ಒಟ್ಟು ಕೊಲೆಸ್ಟರಾಲ್ ನೂರ ಎಪ್ಪತ್ತೆಂಟು, ಎಲ್ಲರೂ ಸರಿ ಎನ್ನುವ ನಂಬರು. ಅದರ ನೆರಳಲ್ಲಿ ಈ ಇಪ್ಪತ್ತೇಳು ಯಾರ ಕಣ್ಣಿಗೂ ಬೀಳದಂತೆ ಕೂತಿತ್ತು.

ವರದಿ ಹಿಡಿದು ಅವಳು ಬೀದಿಯ ಕೊನೆಯ ಡಾಕ್ಟರ ಹತ್ತಿರ ಹೋಗಿದ್ದಳು. ಅವರು ನಮ್ಮವರೇ, ಮಠದಲ್ಲಿ ಪಂಕ್ತಿಗೆ ಕೂರುವವರು. ತಾರೀಖು ನೋಡಿ ನಕ್ಕರು.

“ದ್ವಾದಶಿ ದಿನ ತೆಗೆದ್ಯಾ? ಒಂದೂವರೆ ದಿನ ನೀರಿಲ್ಲ, ಅನ್ನ ಇಲ್ಲ. ಒಳ್ಳೇ ಕೊಬ್ಬು ಎಲ್ಲಿಂದ ಬರಬೇಕಮ್ಮ? ಇದು ಏಕಾದಶಿ ರಕ್ತ, ಲೆಕ್ಕಕ್ಕಿಲ್ಲ. ಟೋಟಲ್ ನೋಡು, ನನಗಿಂತ ಚೆನ್ನಾಗಿದೆ. ಅಪ್ಪನ್ನ ನೋಡ್ಕೋ. ಹೆಂಗಸರಿಗೆ ಹಾರ್ಟು ಬರಲ್ಲ, ಗ್ಯಾಸು ಬರತ್ತೆ.”

ಅಮ್ಮನೂ ನಕ್ಕಿದ್ದಳು. “ನೋಡಿದ್ಯಾ? ದೇವರ ಉಪವಾಸವೇ ನಿನ್ನ ಮಿಷನ್ನನ್ನ ಏಮಾರಿಸಿಬಿಡ್ತು.”

ಸಂಹಿತಾ ಆ ವಾರ ಪುಸ್ತಕ ತೆಗೆದು ನೋಡಿದಳು. ಒಂದು ದಿನದ ಉಪವಾಸಕ್ಕೆ ಎಚ್‌ಡಿಎಲ್ ಅಷ್ಟೊಂದು ಇಳಿಯುವುದಿಲ್ಲ ಎಂದಿತ್ತು. ಅದನ್ನು ಡಾಕ್ಟರಿಗೆ ಹೇಳಲು ಎರಡು ಸಲ ಅವರ ಬಾಗಿಲವರೆಗೂ ಹೋದಳು. ಎರಡು ಸಲವೂ ಬೆಂಚಿನ ಮೇಲೆ ಕೂತಿದ್ದ ರೋಗಿಗಳನ್ನು ನೋಡಿ ತಿರುಗಿ ಬಂದಳು. ಬೇರೆ ದಿನ ಮತ್ತೆ ರಕ್ತ ತೆಗೆಯೋಣವೆಂದರೆ ಅಮ್ಮನಿಗೆ ಬೆಳಿಗ್ಗೆ ಬಿಡುವಿರಲಿಲ್ಲ. ನಾಳೆ, ಮುಂದಿನ ವಾರ ಎಂದು ಎಂಟು ತಿಂಗಳಾಯಿತು.

*

ಆಚಾರ್ಯರು ದರ್ಭೆ ಬಿಚ್ಚಿಕೊಂಡು ಕೂತಿದ್ದರು. ಹತ್ತು ಗಂಟೆಗೆ ಎತ್ತಬೇಕು ಎಂದು ಎರಡು ಸಲ ಹೇಳಿದ್ದಾಯಿತು. ಮಧ್ವರಾಜ ಎದೆ ನೀವಿಕೊಂಡ. ಕೂಡಲೇ ನಾಲ್ಕು ಜನ ಎದ್ದರು.

“ಏನಾಗ್ತಿದೆ ರಾಯರೇ?”

“ಏನಿಲ್ಲ. ಭಾರ.”

“ಹೆದರಬೇಡಿ,” ಎಂದರು ಶಂಕರನಾರಾಯಣ ಮಾಮ, ಅವನ ಬೆನ್ನು ಸವರುತ್ತ. “ನಿಮ್ಮ ಹಾರ್ಟು ಗಟ್ಟಿ ಇದೆ. ಈ ಸೋಮವಾರ ತಾನೇ ದೊಡ್ಡ ಡಾಕ್ಟರು ನೋಡಿ ಫಸ್ಟ್ ಕ್ಲಾಸ್ ಅಂದಿದಾರೆ. ಇಸಿಜಿ ಕ್ಲೀನು, ಎಚ್‌ಡಿಎಲ್ಲು ನಲವತ್ತೆಂಟು! ನಿನ್ನೆ ಬೀಚಲ್ಲಿ ನೀವೇ ಹೇಳಿದ್ರಲ್ಲ.”

ಹೂವಿನ ದಂಡೆ ಕಟ್ಟುತ್ತಿದ್ದ ಸಂಹಿತಾ ತಲೆಯೆತ್ತಿದಳು.

“ಸೋಮವಾರ ಹೋದದ್ದು ಅಮ್ಮ.”

ಅವಳು ದಂಡೆ ಕೆಳಗಿಟ್ಟಳು.

“ಅಪ್ಪಾ, ಸೋಮವಾರದ ಟೋಕನ್ ಅಮ್ಮಂದು. ಹದಿನೈದು ದಿನ ಮೊದಲೇ ನಾನು ಫೋನ್ ಮಾಡಿ ಹಾಕಿಸಿದ್ದು. ಅಮ್ಮಂಗೆ ದವಡೆ ನೋವು, ಭುಜ ನೋವು. ನನಗೆ ಡ್ಯೂಟಿ ಇತ್ತು, ಅದಕ್ಕೆ ನೀವು ಕರ್ಕೊಂಡು ಹೋಗಿ ಅಂದಿದ್ದೆ.”

“ಕರ್ಕೊಂಡೇ ಹೋದೆ,” ಎಂದ ಮಧ್ವರಾಜ. “ಇಬ್ಬರೂ ಹೋದ್ವಿ. ಅಲ್ಲಿ ಎರಡು ಗಂಟೆ ಕಾಯಿಸಿದರು. ಆ ವಾಸನೆಗೆ ನನಗೆ ತಲೆ ಸುತ್ತಿದ ಹಾಗಾಯ್ತು. ಅವಳೇ ಹೇಳಿದಳು, ನನಗೆ ಗ್ಯಾಸು, ಬರ್ತಾ ಬರ್ತಾ ಕಡಿಮೆಯಾಗಿದೆ, ನೀವೇ ತೋರಿಸ್ಕೊಳಿ, ಇಲ್ಲದಿದ್ರೆ ಟೋಕನ್ ದಂಡ ಆಗತ್ತೆ ಅಂತ. ನಾನು ಬಲವಂತ ಮಾಡ್ಲಿಲ್ಲ.”

“ಅಮ್ಮ ಎಲ್ಲಿದ್ದಳು?”

“ಬೆಂಚ್ ಮೇಲೆ. ನನ್ನ ಫೈಲು ಹಿಡ್ಕೊಂಡಿದ್ದಳು.”

ಸೋಮವಾರ ರಾತ್ರಿ ಕೆಲಸದಿಂದ ಬಂದು, ಡಾಕ್ಟರು ಏನಂದರು ಎಂದು ಸಂಹಿತಾ ಕೇಳಿದ್ದಳು. ಅಮ್ಮ ಒಲೆಯ ಕಡೆ ತಿರುಗಿದ್ದವಳು ತಿರುಗಿದ್ದ ಹಾಗೇ, ನಾಲಿಗೆಯ ಕೆಳಗೆ ಏನೋ ಇಟ್ಟುಕೊಂಡವಳಂತೆ ತೊದಲುತ್ತ, “ಎಲ್ಲಾ ಸರಿಯಿದೆಯಂತೆ” ಎಂದಿದ್ದಳು. ವರದಿ ತೋರಿಸು ಎಂದು ಯಾವ ರೋಗಿಯನ್ನಾದರೂ ಕೇಳುವವಳು ಅಂದು ಅಮ್ಮನನ್ನು ಕೇಳಿರಲಿಲ್ಲ. ಸಮಾಧಾನವಾಗಿ ಊಟ ಮಾಡಿ ಮಲಗಿದ್ದಳು.

ಅವಳು ಒಳಗೆ ಹೋಗಿ ಬೀರುವಿನಿಂದ ಅಪ್ಪನ ಪ್ಲಾಸ್ಟಿಕ್ ಫೈಲು ತಂದಳು. ಎಲ್ಲಕ್ಕಿಂತ ಮೇಲೆ ಸೋಮವಾರದ ಚೀಟಿ ಇತ್ತು. ಜಯಲಕ್ಷ್ಮೀ, ಹೆಣ್ಣು, ಐವತ್ತೊಂದು ಎಂದು ಬರೆದದ್ದರ ಮೇಲೆ ಒಂದು ಗೆರೆ. ಪಕ್ಕದಲ್ಲಿ ಮಧ್ವರಾಜ, ಗಂಡು, ಐವತ್ತೆಂಟು. ಒಳಗೆ ಕಳಿಸುವ ಮೊದಲು ನರ್ಸು ಚೀಟಿಯಲ್ಲಿ ಹೆಸರಿದ್ದ ಅಮ್ಮನನ್ನೇ ಕೂರಿಸಿ ರಕ್ತದೊತ್ತಡ ನೋಡಿಬಿಟ್ಟಿದ್ದಳು. ನೂರ ಅರವತ್ತೆಂಟಕ್ಕೆ ನೂರ ನಾಲ್ಕು. ದವಡೆ ಮತ್ತು ಎಡಭುಜದ ನೋವು, ಮೂರು ವಾರ. ಅದೇ ಗೆರೆ ಅವುಗಳ ಮೇಲೂ ಹಾದುಹೋಗಿತ್ತು. ಗೆರೆಯ ಅಡಿಯಲ್ಲಿ ಎಲ್ಲವೂ ಸ್ಪಷ್ಟವಾಗಿ ಓದಲು ಬರುತ್ತಿತ್ತು.

“ಇದನ್ನ ಓದಿದ್ರಾ?”

“ಡಾಕ್ಟರ ಅಕ್ಷರ ನನಗೇನು ಗೊತ್ತಾಗತ್ತೆ?”

“ಕಾರ್ಖಾನೇಲಿ ಕೂದಲೆಳೆ ವ್ಯತ್ಯಾಸ ಇದ್ರೂ ಬೋಲ್ಟನ್ನ ವಾಪಸ್ ಮಾಡ್ತಿದ್ರಂತೆ ನೀವು. ಈ ಅಕ್ಷರ ಗೊತ್ತಾಗ್ಲಿಲ್ಲ.”

“ಹಾಗಾದ್ರೆ ನಾನೇ ಕೊಂದೆ ಅಂತೀಯಾ?” ಮಧ್ವರಾಜ ಎದ್ದು ನಿಂತ. “ಹೇಳು, ಎಲ್ಲರ ಮುಂದೆ ಹೇಳು!”

“ಸಂಹಿತಾ, ಅವನಿಗೆ ಏನಾದ್ರೂ ಆದರೆ?” ಅಂಬುಜತ್ತೆ ಕೂಗಿದರು. “ಒಂದೇ ದಿನ ಎರಡು ಹೆಣ ಬೇಕಾ ನಿನಗೆ?”

ಆಗಲೂ ಎಲ್ಲರೂ ಓಡಿದ್ದು ಅವನ ಕಡೆಗೆ. ನೀರು ತಂದರು, ಕೂರಿಸಿದರು, ಕಾಲು ಒತ್ತಿದರು. ಅಮ್ಮನ ತಲೆಯ ಹತ್ತಿರದ ದೀಪದ ಬತ್ತಿ ಸರಿದು ಹೊಗೆಯಾಡುತ್ತಿತ್ತು. ಸಂಹಿತಾ ಬಾಗಿ ಬತ್ತಿ ಮುಂದೆ ತಳ್ಳಿದಳು. ಆಮೇಲೆ ಅನಿಕೇತನ ಜೇಬಿನಿಂದ ಡಾಕ್ಟರ ಚೀಟಿ ಎಳೆದುಕೊಂಡಳು.

“ನಾನು ಬರೋವರೆಗೂ ಎತ್ತಬೇಡ.”

“ಅಕ್ಕಾ, ಟೈಮ್ ಆಗ್ತಿದೆ. ಆಚಾರ್ಯರು ತಿಟ್ಟುವಾರ್.”

“ಬೈದ್ರೆ ಬೈಸ್ಕೋ. ಅಮ್ಮ ಇಪ್ಪತ್ತೇಳು ವರ್ಷ ಬೈಸ್ಕೊಂಡಿದಾಳೆ.”

*

ಬೀದಿಯ ಕೊನೆಯ ಕ್ಲಿನಿಕ್ಕಿನ ಬೆಂಚಿನಲ್ಲಿ ಆರು ಜನ ಕೂತಿದ್ದರು. ಅವಳ ಕೆದರಿದ ಕೂದಲು, ಅರಿಶಿನದ ಕೈ, ಬರಿಗಾಲು ನೋಡಿ ಅವರೇ ದಾರಿ ಬಿಟ್ಟರು.

“ಏನಮ್ಮಾ?” ಡಾಕ್ಟರು ಸ್ಟೆಥಾಸ್ಕೋಪು ಕಿವಿಯಿಂದ ತೆಗೆದರು. “ಅಪ್ಪ ಹೇಗಿದಾರೆ?”

“ಅಮ್ಮನ ಚೀಟಿ ತಪ್ಪಾಗಿದೆ ಡಾಕ್ಟರ್. ಇದು ಸಹಜ ಅಲ್ಲ. ಹಾರ್ಟ್ ಅಟ್ಯಾಕು.”

“ಬಹುಶಃ ಅದೇ. ಆದ್ರೆ ನಾನು ಬರೋ ಹೊತ್ತಿಗೆ ಮುಗಿದಿತ್ತು. ಇಸಿಜಿ ಇಲ್ಲ, ಏನಿಲ್ಲ. ನೋಡದೇ ಇರೋದನ್ನ ಹೇಗೆ ಬರೀಲಿ?”

“ಸಹಜ ಅನ್ನೋದನ್ನ ನೋಡಿದ್ರಾ?”

ಅವರ ಮುಖ ಕೆಂಪಾಯಿತು. ಅವಳು ಮೇಜಿನ ಮೇಲೆ ಮರಣದ ಚೀಟಿಯ ಪಕ್ಕ ಇನ್ನೆರಡು ಕಾಗದ ಇಟ್ಟಳು. ಒಂದು ಸೋಮವಾರದ ಚೀಟಿ, ಇನ್ನೊಂದು ಅವಳೇ ಸಹಿ ಮಾಡಿದ, ದ್ವಾದಶಿಯ ತಾರೀಖಿನ ವರದಿ. ಡಾಕ್ಟರು ಮೊದಲನೆಯದನ್ನು ಓದಿದರು, ಗೆರೆಯ ಅಡಿಯಲ್ಲಿ ಬೆರಳಿಟ್ಟು ಇನ್ನೊಮ್ಮೆ ಓದಿದರು. ಎರಡನೆಯದನ್ನು ಕಂಡಾಗ ಅವರಿಗೆ ನೆನಪು ಬಂದಿರಬೇಕು.

“ಇದು ಆ ಏಕಾದಶಿಯ...”

“ಹೌದು. ಲೆಕ್ಕಕ್ಕಿಲ್ಲ ಅಂದಿದ್ರಿ.”

“ಇನ್ನೊಂದು ಸಲ ಮಾಡಿಸ್ಲಿಲ್ವಾ?”

“ನೀವು ಮಾಡಿಸಿ ಅನ್ಲಿಲ್ಲ. ನಾನು ಕೇಳ್ಲಿಲ್ಲ. ನನಗೆ ಗೊತ್ತಿತ್ತು ಡಾಕ್ಟರ್. ಪುಸ್ತಕದಲ್ಲಿ ನೋಡಿದ್ದೆ. ನಿಮ್ಮ ಬಾಗಿಲವರೆಗೂ ಎರಡು ಸಲ ಬಂದಿದ್ದೆ.” ಅಳು ಬಂದರೆ ಇವರು ಸಮಾಧಾನ ಮಾಡಿ ಕಳಿಸಿಬಿಡುತ್ತಾರೆ ಎಂದು ಹಲ್ಲು ಕಚ್ಚಿದಳು. “ನಿಮ್ಮನ್ನ ಮಾತ್ರ ಬೈಯೋಕೆ ಬಂದಿಲ್ಲ ನಾನು.”

“ಈಗ ಬರೆದು ಏನು ಬಂತಮ್ಮಾ? ಆಕೆಗೆ ಏನು ಸಿಗತ್ತೆ?”

“ಅವಳಿಗೆ ಏನೂ ಇಲ್ಲ. ನಾಳೆ ನನ್ನ ರಕ್ತ ತೆಗೀತಾರೆ, ಅನಿಕೇತಂದು ತೆಗೀತಾರೆ. ತಂದೆಗೆ ಹಾರ್ಟ್ ತೊಂದರೆ ಇತ್ತಾ ಅಂತ ಕೇಳ್ತಾರೆ, ಫೈಲ್‌ಗಟ್ಟಲೆ ಇದೆ, ತೋರಿಸ್ತೀವಿ. ತಾಯಿ ಹೇಗೆ ಹೋದರು ಅಂತ ಕೇಳ್ತಾರೆ. ಸಹಜ ಅಂತ ಹೇಳ್ಲಾ?”

ಮೇಲಿನ ಫ್ಯಾನು ಕಟಕಟ ತಿರುಗುತ್ತಿತ್ತು. ಡಾಕ್ಟರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತರು. ಆಮೇಲೆ ಸಹಜ ಮರಣದ ಚೀಟಿ ಹರಿದು ಬುಟ್ಟಿಗೆ ಹಾಕಿ ಪ್ಯಾಡಿನಲ್ಲಿ ಹೊಸದು ಬರೆದರು. ಹೆಸರು, ವಯಸ್ಸು. ಕಾರಣ: ಹೃದಯಾಘಾತ. ಅದರ ಕೆಳಗೆ, ಯಾರೂ ಕೇಳದೆ, ಇನ್ನೊಂದು ಸಾಲು ಸೇರಿಸಿದರು. ರೋಗಲಕ್ಷಣ ಮೂರು ವಾರದಿಂದ.

ಅವಳು ಓದಿ ನೋಡಿದಳು. ಕಾಗುಣಿತ ನೋಡುವವಳಂತೆ ಎರಡು ಸಲ ಓದಿದಳು. ಆಮೇಲೆ ಚೀಟಿ ಮಡಿಸಿ ಹಿಡಿದು, ಅಮ್ಮನನ್ನು ಕಳಿಸಲು ಮನೆಯ ಕಡೆ ನಡೆದಳು.